ಮೂರನೆಯ ಕೂಗು

ದೆವ್ವ, ಗಾಳಿ, ಸೋಕು ಎಂದು ಯಾರಾದರೂ ಬಾಯಿ ಬಿಟ್ಟರೆ ಸಾಕು, ನನಗೆ ಮೈ ಉರಿಯುತ್ತಿತ್ತು. ಮೊಳಕಾಲ್ಮೂರಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು ನಾನು. ದೊಡ್ಡಉಳ್ಳಾರ್ತಿಯ ಕಾವಲಿನಲ್ಲಿ ಕುರಿಗಳ ಹಿಂದೆ ಓಡಾಡಿ ಬೆಳೆದರೂ ಅವ್ವನ ಕಟ್ಟುಪಾಡುಗಳನ್ನು ಕಂಡರೆ ಅವಳೆದುರಿಗೇ ನಗುತ್ತಿದ್ದೆ. ಈಗ ನಗುವುದಿಲ್ಲ. ಹಾಗಂತ ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ನನ್ನ ತಮ್ಮ ತಿಪ್ಪೇಶ ಕುರಿ ಕಾಯುವುದು ಬೇಸರವಾಗಿ, ಮಲ್ಪೆಗೆ ಹೋಗಿ ಮೀನಿನ ಬೋಟು ಹತ್ತಿದ್ದ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಅಲ್ಲಿಂದ ಫೋನು ಬಂತು. ಬೋಟು ಮಗುಚಿದೆ, ಹುಡುಕುತ್ತಿದ್ದೇವೆ, ಹೊರಟು ಬನ್ನಿ. ಊರಿನ ಓಬಯ್ಯನ ಕಾರಿನಲ್ಲಿ ಅವ್ವನೂ ನಾನೂ ಹೊರಟೆವು.

"ನನ್ ಮಗಂಗೆ ಏನೂ ಆಗಿಲ್ಲ ಕಣೆ. ಕೆರೇಲಿ ಮೀನಿನಂಗೆ ಈಜೋನು ಅವ್ನು," ಎಂದು ಅವ್ವ ದಾರಿಯುದ್ದಕ್ಕೂ ಅಂದದ್ದನ್ನೇ ಅನ್ನುತ್ತಿದ್ದಳು.

ಚಳ್ಳಕೆರೆ ದಾಟಿ ಚಿತ್ರದುರ್ಗದ ಕಡೆ ಹೋಗುವಾಗ ಇಂಜಿನ್ ಕಾದು ಹೊಗೆಯಾಡಿತು. ಓಬಯ್ಯ ಕ್ಯಾನು ಹಿಡಿದು ನೀರಿಗೆ ಹೋದ. ರಸ್ತೆಯ ಪಕ್ಕದಲ್ಲೇ ಕರಿಕಲ್ಲಿನ ಗುಡ್ಡವಿತ್ತು, ದಿಂಬುಗಳನ್ನು ಒಟ್ಟಿದ ಹಾಗೆ. ಅಂಥ ಕಲ್ಲುಗಳ ಬಗ್ಗೆ ಎಷ್ಟೋ ಸಲ ಪಾಠ ಮಾಡಿದ್ದೇನೆ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲೆಲ್ಲ ಸಮುದ್ರವಿತ್ತು, ಅದರ ತಳದಲ್ಲಿ ಜ್ವಾಲಾಮುಖಿ ಉಕ್ಕಿತು, ಲಾವಾ ನೀರಿಗೆ ತಣಿದು ಹೀಗೆ ದುಂಡಗಾಯಿತು. ಅವ್ವ ಒಂದು ಕಲ್ಲಿನ ಮೇಲೆ ಕುಕ್ಕರಿಸಿದಳು. ಹೊತ್ತು ಮುಳುಗಿತು.

ಆಗ ಆ ಕಲ್ಲುಗಳ ನಡುವಿನಿಂದ ಒಂದು ಕೂಗು ಕೇಳಿಸಿತು.

ಕುರಿ ಕಾಯುವವರಲ್ಲಿ ಒಂದೊಂದು ಮನೆಗೆ ಒಂದೊಂದು ಕೂಗು. ಕಾವಲಿನಲ್ಲಿ ಒಬ್ಬರಿಗೊಬ್ಬರು ಕಾಣದಾದರೆ ಒಬ್ಬರು ಕೂಗುತ್ತಾರೆ, ಇನ್ನೊಬ್ಬರು ಓಗೊಡುತ್ತಾರೆ. ನಮ್ಮಪ್ಪನ ಕೂಗು ನಡುವೆ ಬಿಕ್ಕಿದಂತೆ ಮುರಿದು ಮೇಲೇರುತ್ತಿತ್ತು. ಅಪ್ಪ ಹೋದ ಮೇಲೆ ಅದು ತಿಪ್ಪೇಶನೊಬ್ಬನಿಗೇ ಬರುತ್ತಿದ್ದದ್ದು. ನಾವು ಕೇಳಿದ್ದು ಅದೇ ಕೂಗು.

ಓಗೊಡಲು ಬಾಯಿ ತೆರೆದೆ. ಅವ್ವ ಗಬಕ್ಕನೆ ನನ್ನ ಬಾಯಿ ಮುಚ್ಚಿದಳು.

"ಬ್ಯಾಡ! ಹೊತ್ತು ಮುಣುಗೈತೆ. ಮೂರು ಸಲ ಕೂಗಿದ್ರೆ ಮನುಷ್ಯ. ಅದಕ್ಕೂ ಮುಂಚೆ ಓಗೊಟ್ರೆ, ದೆವ್ವ ಯಾರ ದನೀಲಿ ಕೂಗ್ತೈತೋ ಅವನ್ನೇ ಕರ್ಕೊಂಡ್ ಹೋಗ್ತೈತೆ. ತಡಿ."

ಎರಡನೆಯ ಕೂಗು ಬಂತು, ಇನ್ನೂ ಹತ್ತಿರದಿಂದ. ಅವ್ವ ನನ್ನ ಬಾಯಿಯ ಮೇಲಿನ ಕೈ ತೆಗೆಯಲಿಲ್ಲ. ಕಾದೆವು. ಮೂರನೆಯದು ಬರಲೇ ಇಲ್ಲ.

ನೀರು ತಂದ ಓಬಯ್ಯ ಸುತ್ತ ನೋಡಿ, "ಯಾರಕ್ಕಾ ಕೂಗಿದ್ದು? ಇಲ್ಲಿ ಒಂದ್ ಕುರೀನೂ ಇಲ್ವಲ್ಲ?" ಎಂದ. ಅವ್ವ ನನ್ನ ರಟ್ಟೆ ಹಿಡಿದು ಕಾರು ಹತ್ತಿಸಿದಳು.

ಮಲ್ಪೆ ಮುಟ್ಟಿದಾಗ ಬೆಳಗಾಗಿತ್ತು. ಬೋಟಿನವರಲ್ಲಿ ಬದುಕಿ ಬಂದದ್ದು ಒಬ್ಬರೇ, ಕಂಬಳಿ ಹೊದ್ದು ಕೂತಿದ್ದ ಒಬ್ಬ ವಯಸ್ಸಾದ ಮೀನುಗಾರ. ಅವ್ವನನ್ನು ಕಂಡು ಅವರು ಅತ್ತುಬಿಟ್ಟರು.

"ಸಂಜೆವರೆಗೂ ನಾನೂ ನಿಮ್ಮ ಮಗನೂ ಒಂದೇ ಹಲಗೆ ಹಿಡ್ಕೊಂಡಿದ್ದೆವು ಅಮ್ಮಾ. ಹೊತ್ತು ಕಂತುವಾಗ ಅವ ಎಂತದೋ ಕೂಗಿದ. 'ತಡೀರಿ, ನಮ್ಮವ್ವ ಓಗೊಡ್ತಾಳೆ' ಅಂದ. ಇನ್ನೊಂದು ಸಲ ಕೂಗಿದ. ಮತ್ತೆ ಬಾಯಿ ತೆರೆದ, ಆಗ ದೊಡ್ಡ ತೆರೆ ಬಂತು."

 ಹುಟ್ಟಿದಾಗಿನಿಂದ ಸಮುದ್ರ ನೋಡದ ಅವ್ವ ಸೀದಾ ನಡೆದು ಮೊಣಕಾಲುದ್ದ ನೀರಿಗಿಳಿದಳು. "ಓ... ತಿಪ್ಪಾ! ಓ... ಇಲ್ಲೇ ಇದ್ದೀನಿ ಕಣೋ!" ದನಿ ಬಿದ್ದುಹೋಗುವ ತನಕ ಓಗೊಡುತ್ತಲೇ ಇದ್ದಳು.  ಕೊನೆಗೆ ನಾನೂ ಓಬಯ್ಯನೂ ಎತ್ತಿಕೊಂಡು ಬರಬೇಕಾಯಿತು. ತಿಪ್ಪೇಶ ಸಿಗಲಿಲ್ಲ.

ಕಲ್ಲಿನ ಸಂದಿಯಲ್ಲಿ ಗಾಳಿ ಸದ್ದು ಮಾಡಿರಬೇಕು ಎನ್ನುತ್ತಾರೆ ಶಾಲೆಯ ಗೆಳತಿಯರು. ಬೇರೆಯವರ ಕಥೆಯಾಗಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. ಆದರೆ ಗಾಳಿಗೆ ನಮ್ಮಪ್ಪನ ಕೂಗು ಕಲಿಸಿದವರು ಯಾರು?

"ಅವತ್ತು ನಾನು ಓಗೊಟ್ಟಿದ್ರೆ ಅವನಿಗೆ ಕೇಳಿಸ್ತಿತ್ತೇನೆ?" ಎಂದು ಅವ್ವ ಇವತ್ತಿಗೂ ಕೇಳುತ್ತಾಳೆ. ಇಲ್ಲವ್ವ, ಸಮುದ್ರ ಎಲ್ಲಿ, ನಾವೆಲ್ಲಿ ಎಂದು ಹೇಳಿಬಿಡಬೇಕು. ವಿಜ್ಞಾನದ ಟೀಚರ್ ನಾನು, ಹೇಳಲು ಬಾಯೇ ಬರುವುದಿಲ್ಲ.