ಸ್ಕೀಡಾಮಿನ ನಾನೂರ ಹನ್ನೆರಡನೇ ಪೀಪಾಯಿ

ಏಳು ಕಾಲುವೆಗಳಾಚೆ, ಸಮುದ್ರಕ್ಕಿಂತ ತಗ್ಗಿನಲ್ಲಿ, ಒಂದು ಊರಿತ್ತಂತೆ. ಆ ಊರಿನ ಒಲೆಗಳು ಆರಿದ್ದೇ ಇಲ್ಲವಂತೆ. ಹಗಲೂ ರಾತ್ರಿ ಜವೆಗೋದಿ ಬೇಯುತ್ತಿತ್ತು, ಬೆಂದದ್ದು ಆವಿಯಾಗುತ್ತಿತ್ತು, ಆವಿ ಹನಿಯಾಗಿ ಪೀಪಾಯಿ ಸೇರುತ್ತಿತ್ತು. ಹೊಗೆ ಕುಡಿದು ಕುಡಿದು ಮನೆಗಳೆಲ್ಲ ಕಪ್ಪಾದವು. ಕಾಳು ಬೀಸುವ ಗಾಳಿಯಂತ್ರಗಳಿಗೆ ಮನೆಗಳ ಸಂದಿಯಲ್ಲಿ ಗಾಳಿ ಸಾಲದೆ, ಅವು ಛಾವಣಿಗಳನ್ನು ಮೀರಿ ಮುಗಿಲಿಗೆ ಕತ್ತು ಚಾಚಿದವು. ನೆರೆಯೂರಿನವರು ಅದನ್ನು ಕಪ್ಪು ನಜರೇತ್ ಎಂದು ಕರೆದರು. ಕಾಲ ತಿರುಗಿತು, ಒಲೆಗಳು ಒಂದೊಂದಾಗಿ ಆರಿದವು. ಒಂದು ಉಗ್ರಾಣದಲ್ಲಿ ಮಾತ್ರ ದಿನಾ ನಸುಕಿಗೆ ಯಾರೋ ಮರದ ಮೇಲೆ ಮರ ಬಡಿಯುತ್ತಲೇ ಇದ್ದರಂತೆ. ಟಕ್, ಟಕ್, ಟಕ್.

ಕಥೆಯಲ್ಲಿನ ಊರು ಸ್ಕೀಡಾಮ್. ರಾಟರ್‌ಡ್ಯಾಮಿನ ಮಗ್ಗುಲಲ್ಲೇ ಇದೆ, ದ ಹೇಗ್‌ನಿಂದ ರೈಲು ಹತ್ತಿದರೆ ಒಂದು ತೂಕಡಿಕೆಯ ದೂರ. ಜಿನ್‌ಗೆ ಅಕ್ಕನಂತಿರುವ ಯೆನೇವರ್ ಎಂಬ ಮದ್ಯಕ್ಕೆ ಹೆಸರಾದ ಊರು. ಈಗ ಅಲ್ಲಿ ಬಡಿಯುತ್ತಿರುವವರು ಬಾಗಲಕೋಟೆ ಕಡೆಯ ಕುಂಬಾರರ ಮಗಳು ನೀಲಾಂಬಿಕಾ.

2021ರ ಜೂನ್ ತಿಂಗಳ ಒಂದು ನಸುಕು, ಆರಕ್ಕೆ ಹತ್ತು ನಿಮಿಷ ಕಡಿಮೆ. ಕಾಲುವೆಯ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿದೆ. ನೀಲಾಂಬಿಕಾ ಸೈಕಲ್ಲನ್ನು ಕಂಬಿಗೆ ಬಿಗಿದು, ಮಾಸ್ಕ್ ಮೇಲೆಳೆದುಕೊಂಡು, ಅಂಗೈಯುದ್ದದ ಕೀಲಿಕೈ ತಿರುಗಿಸುತ್ತಾರೆ. ಒಳಗೆ ಕಿಟಕಿಯಿಲ್ಲ. ಗೋಡೆಯ ಮೇಲೆ ಮಸಿಯಂಥ ಬೂಸ್ಟು. ಪೀಪಾಯಿಗಳಿಂದ ಸೋರುವ ಆವಿಯನ್ನೇ ಉಂಡು ಬೆಳೆಯುವ ಬೂಸ್ಟು ಅದು. ಯುಗಾದಿಗೆ ಒರೆಸಿದರೆ ಪಂಚಮಿ ಬರುವಷ್ಟರಲ್ಲಿ ಮತ್ತೆ ಅಲ್ಲೇ, ಅದೇ ಆಕಾರದಲ್ಲಿ ಎದ್ದಿರುತ್ತದೆ.

ಸೊಂಟದ ಪಟ್ಟಿಯಿಂದ ಅವರು ಒಂದು ಮರದ ಕೊಡತಿ ತೆಗೆಯುತ್ತಾರೆ. ಮೊದಲ ಪೀಪಾಯಿಯ ಮುಖಕ್ಕೊಂದು ಪೆಟ್ಟು, ಹೊಟ್ಟೆಗೊಂದು, ಬುಡಕ್ಕೊಂದು. ಆಮೇಲೆ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಸಪ್ಪಳ ಪೂರ್ತಿ ಸಾಯುವವರೆಗೂ ಹೆಜ್ಜೆ ಕದಲಿಸುವುದಿಲ್ಲ.

“ಬಡಿಯೂದು ಕೆಲಸ ಅಲ್ರಿ, ಕೇಳೂದು ಕೆಲಸ,” ಎನ್ನುತ್ತಾರೆ. “ಒಳಗ ಎಷ್ಟ ಐತಿ, ಎಲ್ಲಿ ಸೀಳೇತಿ, ಎಷ್ಟ ಹಣ್ಣಾಗೇತಿ, ಎಲ್ಲಾ ಹೇಳತದ. ಸಂತ್ಯಾಗ ಕಲ್ಲಂಗಡಿ ಬಡದ ನೋಡೂದಿಲ್ಲೇನು? ಹಂಗ.”

ನಾನೂರ ಹನ್ನೆರಡು ಪೀಪಾಯಿ, ಒಂದೊಂದಕ್ಕೆ ಮೂರು ಪೆಟ್ಟು. ದಿನಕ್ಕೆ ಸಾವಿರದ ಇನ್ನೂರ ಮೂವತ್ತಾರು. ಆರಕ್ಕೆ ಶುರುವಾದರೆ ಮುಗಿಯುವುದು ಏಳೂಮುಕ್ಕಾಲಿಗೆ. ಭಾನುವಾರವಿಲ್ಲ, ಹಬ್ಬವಿಲ್ಲ. ಸೋರುವ ಪೀಪಾಯಿ ಸಿಕ್ಕರೆ ಅದರ ಮುಖದ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಕ್ಕೆ ಮೂರು ಗೆರೆ ಎಳೆಯಬೇಕು. ಅದು ಇಲ್ಲಿಯ ಗುರುತು.

ಈ ಕಿವಿ ಬಂದದ್ದು ತಂದೆ ರುದ್ರಪ್ಪನವರ ಆವಿಗೆಯಿಂದ. ಸುಟ್ಟ ಗಡಿಗೆಗಳನ್ನು ಬೂದಿಯಿಂದ ಎತ್ತಿ ಸಾಲಿಗಿಟ್ಟ ಮೇಲೆ, ಬೆರಳ ಗಿಣ್ಣಿನಿಂದ ಬಡಿದು ಒಡಕು ಹೇಳುವುದು ಪುಟ್ಟ ನೀಲಾಂಬಿಕಾಳ ಕೆಲಸವಾಗಿತ್ತು. 2018ರಲ್ಲಿ ಗಂಡ ಪ್ರಭುದೇವ ಡೆಲ್ಫ್ಟ್‌ನಲ್ಲಿ ಮಣ್ಣಿನ ಸಂಶೋಧನೆಗೆ ಸೇರಿದಾಗ, ಮನೆ ಸಿಕ್ಕದ್ದು ಸ್ಕೀಡಾಮಿನಲ್ಲಿ. ಹೊತ್ತು ಹೋಗದೆ ನೀಲಾಂಬಿಕಾ ಈ ಉಗ್ರಾಣದ ನೆಲ ಒರೆಸುವ ಕೆಲಸಕ್ಕೆ ಸೇರಿದರು. ಒಂದು ದಿನ ಒರೆಸುತ್ತ ಒರೆಸುತ್ತ ಒಂದು ಪೀಪಾಯಿಗೆ ಗಿಣ್ಣು ತಾಗಿಸಿ, “ಇದು ಸೀಳೇತಿ,” ಎಂದು ತಮ್ಮಷ್ಟಕ್ಕೆ ಅಂದರು. ಹಿಂದೆ ನಿಂತಿದ್ದ ಕಾವಲುಗಾರ ಬಾರೆಂಡ್‌ಗೆ ಮಾತು ತಿಳಿಯಲಿಲ್ಲ, ಮುಖ ತಿಳಿಯಿತು. ಕೆಳಗೆ ಕೈಯಿಟ್ಟು ನೋಡಿದರೆ ಒದ್ದೆ.

ಬಾರೆಂಡ್‌ಗೆ ಆಗಲೇ ಎಪ್ಪತ್ತು ದಾಟಿತ್ತು. ಮರುವಾರ ಆತ ತನ್ನ ಕೊಡತಿಯನ್ನು ಆಕೆಯ ಕೈಗಿಟ್ಟ. ಅದೇ ದಿನ ಒಂದು ಹೊಸ ಪೀಪಾಯಿಯನ್ನು ತಾನೇ ತುಂಬಿ, ಬಿರಡೆ ಹೊಡೆದು, ಕಟ್ಟಕಡೆಯ ಮೂಲೆಯಲ್ಲಿಟ್ಟ. ನಾನೂರ ಹನ್ನೆರಡನೆಯದು.

ಆ ಉಗ್ರಾಣದ ಹಳೆಯ ವಾಡಿಕೆ ಅದು. ಕೊಡತಿ ಕೈ ಬದಲಿಸಿದ ದಿನ ಹಳೆಯ ಕಾವಲುಗಾರ ಒಂದು ಪೀಪಾಯಿ ತುಂಬಬೇಕು. ಅದು ಹಣ್ಣಾದ ಸಪ್ಪಳ ಕೊಟ್ಟ ದಿನ ಹೊಸಬರು ಅದನ್ನು ತೆರೆದು, ಮೊದಲ ಗ್ಲಾಸು ಹಳಬರಿಗೆ ಒಯ್ದು ಕೊಡಬೇಕು. ಅಲ್ಲಿಯವರೆಗೆ ಹಳಬರಿಗೆ ಬಿಡುಗಡೆಯಿಲ್ಲ. ಪೀಪಾಯಿ ಸೋರಿ ಬರಿದಾಯಿತೋ, ಬಡಿತ ಒಂದು ದಿನ ತಪ್ಪಿತೋ, ಸತ್ತರೂ ಬಿಡುಗಡೆಯಿಲ್ಲ.

“ಪೀಪಾಯಿದಾಗಿಂದು ವರ್ಷಾ ಅಷ್ಟಷ್ಟು ಗಾಳಿಗೆ ಹೋಗತದಲ್ಲ, ಅದನ್ಯಾರು ಕುಡೀತಾರ ಅಂತ ಕೇಳಿದ್ನಿ. ಬಾರೆಂಡ್ ಅಜ್ಜ ಕತ್ತಲಿ ಮೂಲಿ ಕಡೆ ಬಟ್ಟು ಮಾಡಿ, ‘ಬಿಡುಗಡೆ ಆಗದವರು’ ಅಂದ. ನಗಲಿಲ್ರಿ ಆಂವ. ನಾನೂ ನಗಲಿಲ್ಲ.”

ನಕ್ಕ ಸಂದರ್ಭಗಳೂ ಉಂಟು. 2019ರ ಆಯುಧಪೂಜೆಯ ದಿನ ನೀಲಾಂಬಿಕಾ ಬೇಗ ಬಂದು ಮುಂದಿನ ಸಾಲಿನ ಹನ್ನೆರಡು ಪೀಪಾಯಿಗಳಿಗೆ ಭಕ್ತಿಯಿಂದ ಮೂರು ಬೆರಳ ವಿಭೂತಿ ಎಳೆದು ಮನೆಗೆ ಹೋದರು. ಮಧ್ಯಾಹ್ನ ಬಂದ ಬಾರೆಂಡ್‌ಗೆ ಕಂಡದ್ದು ಏನು? ಒಂದೇ ದಿನ ಹನ್ನೆರಡು ಸೋರುವ ಪೀಪಾಯಿ! ಪಕ್ಕದೂರಿನಿಂದ ಪೀಪಾಯಿ ಕಟ್ಟುವವನು ಓಡಿ ಬಂದ. ನೀಲಾಂಬಿಕಾ ಮತ್ತೆ ಬರುವಷ್ಟರಲ್ಲಿ ನಾಲ್ಕು ಪೀಪಾಯಿ ಬರಿದು ಮಾಡಿ ಬಿಚ್ಚಿ ಹಾಕಿದ್ದರು.

“ಅಜ್ಜ ಮೂರು ದಿನಾ ಮಾತಾಡಲಿಲ್ಲ. ನಾಕನೇ ದಿನಾ ಬಂದು, ‘ನಿಮ್ಮ ದೇವರಿಗೆ ಎರಡು ಗೆರಿ ಸಾಲೂದಿಲ್ಲೇನು?’ ಅಂದ,” ಎಂದು ನೀಲಾಂಬಿಕಾ ಸೆರಗಿಲ್ಲದ ಹೆಗಲನ್ನು ಮುಟ್ಟಿಕೊಂಡು ನಗುತ್ತಾರೆ. ಅಂದಿನಿಂದ ವಿಭೂತಿ ಕೊಡತಿಗೆ ಮಾತ್ರ, ಅದೂ ಮನೆಯಲ್ಲೇ. ಉಗ್ರಾಣಕ್ಕೆ ವಿಭೂತಿಯ ಡಬ್ಬಿ ತರುವುದನ್ನೇ ಬಿಟ್ಟರು.

2020ರ ಫೆಬ್ರುವರಿಯಲ್ಲಿ ಬಾರೆಂಡ್ ಕಾಲುವೆಯ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡು ವೃದ್ಧರ ಆರೈಕೆ ಮನೆ ಸೇರಿದ. ಹೋಗುವ ಮುನ್ನ ಆಕೆಯ ಕೈ ಹಿಡಿದು, “ನೀಲಾ, ಒಂದು ದಿನವೂ ಬಿಡಬೇಡ. ನನ್ನ ಗ್ಲಾಸು ನೀನೇ ತರಬೇಕು,” ಎಂದ. ನೀಲಾಂಬಿಕಾ ತಮ್ಮ ಕಡೆಯ ರೀತಿಯಲ್ಲಿ ಅಂಗೈಮೇಲೆ ಅಂಗೈಯಿಟ್ಟು ಭಾಷೆ ಕೊಟ್ಟರು. ಮುಂದಿನ ತಿಂಗಳು ದೇಶ ಬಾಗಿಲು ಹಾಕಿತು. ಆರೈಕೆ ಮನೆಗಳಿಗೆ ಹೊರಗಿನವರು ಹೋಗುವಂತಿಲ್ಲ ಎಂದಾಯಿತು. ಭಟ್ಟಿಯವರು ಕೈತೊಳೆಯುವ ಸ್ಪಿರಿಟ್ ಇಳಿಸತೊಡಗಿದರು, ಉಗ್ರಾಣದ ಕಡೆ ಯಾರೂ ತಲೆಹಾಕಲಿಲ್ಲ. ಟ್ರಾಮುಗಳು ಖಾಲಿ ಓಡಿದವು. ಇಡೀ ಓಣಿಯಲ್ಲಿ ಸಪ್ಪಳವೆಂದರೆ ಇದೊಂದೇ.

ನವೆಂಬರ್‌ನಲ್ಲಿ ನೀಲಾಂಬಿಕಾಗೇ ಜ್ವರ ಬಂತು. ಹತ್ತು ದಿನ ಕೋಣೆ ಬಿಟ್ಟು ಹೊರಬರುವಂತಿಲ್ಲ. ಫೋನಿನಲ್ಲಿ ಮಾಲೀಕರು, “ಹತ್ತು ದಿನಕ್ಕೆ ಏನೂ ಆಗುವುದಿಲ್ಲ, ಮಲಗಿಕೊಳ್ಳಿ,” ಎಂದರು. ಕೀಲಿಕೈ ಅಡಿಗೆಮನೆಯ ಮೊಳೆಗೆ ತೂಗಿಕೊಂಡೇ ಇತ್ತು. ಬಾಗಿಲ ಸಂದಿಯಿಂದ ಅದನ್ನು ನೋಡುತ್ತ ಆಕೆ ಅತ್ತರು. ಬಾಗಿಲಾಚೆಯಿಂದ ಪ್ರಭುದೇವ, “ಜೀವಕ್ಕಿಂತ ಪೀಪಾಯಿ ದೊಡ್ಡದಾತೇನ?” ಎಂದು ಗದರಿದರು.

“ಪೀಪಾಯಿ ಅಲ್ರೀ, ಭಾಷಾ,” ಎಂದರಂತೆ ಆಕೆ.

ಹನ್ನೊಂದನೇ ನಸುಕಿಗೆ ಸೈಕಲ್ ತುಳಿದು ಬಂದಾಗ ಎದುರು ದಂಡೆಯ ಕಿಟಕಿ ತೆರೆಯಿತು. ಅಲ್ಲಿ ಒಬ್ಬಂಟಿಯಾಗಿರುವ ಮುದುಕಿ ಯೋಹಾನಾ ಮಂಜಿನಾಚೆಯಿಂದ ಕೈಬೀಸಿ ಕೂಗಿ ಹೇಳಿದಳು: “ನಿನಗೆ ಹುಷಾರಿಲ್ಲ ಎಂದರು. ಆದರೂ ಒಂದು ದಿನ ತಪ್ಪಿಸಲಿಲ್ಲವಲ್ಲ! ನಾನು ದಿನಾ ಆರಕ್ಕೆ ಕೇಳಿಸಿಕೊಂಡೇ ಏಳುತ್ತಿದ್ದೆ.”

ನೀಲಾಂಬಿಕಾ ಉಗ್ರಾಣದ ಬಾಗಿಲಿಗೆ ಧಾವಿಸಿದರು. ಬೀಗ ಹಾಕಿದಂತೆಯೇ ಇತ್ತು. ಒಳಗೆ ನೆಲದ ಧೂಳಿನ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ. ಬಡಿಯುತ್ತ ಬಡಿಯುತ್ತ ಕಡೆಯ ಮೂಲೆ ಮುಟ್ಟಿದಾಗ ಬ್ಯಾಟರಿಯ ಬೆಳಕು ನಾನೂರ ಹನ್ನೆರಡನೆಯದರ ಮುಖಕ್ಕೆ ಬಿತ್ತು. ಅಡ್ಡಕ್ಕೆ ಮೂರು ಬಿಳಿ ಗೆರೆ.

“ವಿಭೂತಿ ಡಬ್ಬಿ ಮನ್ಯಾಗ ಇತ್ರಿ. ಸೀಮೆಸುಣ್ಣ ನನ್ನ ಕಿಸೇದಾಗ. ಓಡಿ ಹೋಗಬೇಕಂದ್ನಿ. ಆದ್ರ ಗುರುತು ಅಂದ್ರ ಗುರುತು. ಬುಡಕ್ಕ ಕೈ ಹಾಕಿ ನೋಡಿದ್ನಿ.”

ಕೈಗೆ ತೇವ ಹತ್ತಿತು. ಕೂದಲೆಳೆಯಷ್ಟು ಸೀಳು. ಅಂದೇ ಪೀಪಾಯಿ ಕಟ್ಟುವವನು ಬಂದು ಮುಚ್ಚಿದ. ಇನ್ನೊಂದು ವಾರ ಬಿಟ್ಟಿದ್ದರೆ ಅರ್ಧಕ್ಕರ್ಧ ನೆಲದ ಪಾಲಾಗುತ್ತಿತ್ತು ಎಂದ. ಮಾಲೀಕರನ್ನು ಕೇಳಿದರೆ, ತಮ್ಮ ಬಳಿಯ ಕೀಲಿಕೈ ಪೆಟ್ಟಿಗೆಯಿಂದ ಹೊರಬಂದಿಲ್ಲ ಎಂದರು.

ಮರುದಿನ ನೀಲಾಂಬಿಕಾ ಆರೈಕೆ ಮನೆಗೆ ಫೋನು ಮಾಡಿದರು. ತಮ್ಮ ಜ್ವರದ ಸುದ್ದಿಯನ್ನು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಅಜ್ಜ ಹೇಗಿದ್ದಾನೆ ಎಂದಾಗ ದಾದಿ, ಈಗ ಶಾಂತವಾಗಿದ್ದಾನೆ ಎಂದಳು. ಹತ್ತು ದಿನ ಮಾತ್ರ ಕಷ್ಟವಾಯಿತಂತೆ. ದಿನಾ ಬೆಳಗ್ಗೆ ಆರಕ್ಕೆ ಕಣ್ಣು ಮುಚ್ಚಿಕೊಂಡೇ ಮಂಚದ ಕಂಬಿಯನ್ನು ಗಿಣ್ಣಿನಿಂದ ಬಡಿಯತೊಡಗಿದರೆ ಏಳೂಮುಕ್ಕಾಲಿನವರೆಗೆ ನಿಲ್ಲಿಸುತ್ತಿರಲಿಲ್ಲವಂತೆ. ಮೂರು ಪೆಟ್ಟು, ಒಂದು ಉಸಿರು. ಮತ್ತೆ ಮೂರು. ಗಿಣ್ಣಿನ ಚರ್ಮ ಸುಲಿದು ಪಟ್ಟಿ ಕಟ್ಟಬೇಕಾಯಿತಂತೆ.

ಈ ಮಾತನ್ನು ನೀಲಾಂಬಿಕಾ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಹೇಳುವಾಗ ಮೂಲೆಯ ಕಡೆ ನೋಡುವುದಿಲ್ಲ.

ಜ್ವರ ಹೋಗುವಾಗ ಅವರ ಮೂಗಿನ ವಾಸನೆಯ ಶಕ್ತಿಯನ್ನೂ ಒಯ್ದಿತು. ಗಾಳಿಗೇ ಅಮಲೇರುವ ಈ ಜಾಗದಲ್ಲಿ ಅವರ ಮೂಗಿಗೆ ಇಂದಿಗೂ ಏನೂ ತಿಳಿಯದು. ನಾಲಿಗೆಗೆ ಮೊದಲೇ ತಿಳಿಯದು, ಏಕೆಂದರೆ ಒಂದು ಹನಿಯೂ ಬಾಯಿಗೆ ಹಾಕಿದವರಲ್ಲ. ಊರಲ್ಲಿರುವ ಅತ್ತೆ ಗಿರಿಜಾದೇವಿಯವರು ವಿಡಿಯೊ ಕಾಲ್‌ನಲ್ಲಿ, “ಆ ಪೀಪಾಯಿದಾಗ ಏನಿರತದವಾ?” ಎಂದು ಕೇಳಿದಾಗಲೆಲ್ಲ “ಜವೆಗೋದಿ ನೀರು ಅತ್ತಿ” ಎಂದು ಪಾರಾಗಿದ್ದಾರೆ. ಇದನ್ನೂ ಬರೆಯಬಹುದೇ ಎಂದು ನಾನು ಕೇಳಿದರೆ, “ಬರೀರಿ, ಅಡ್ಡಿ ಇಲ್ಲ,” ಎನ್ನುತ್ತಾರೆ ನೀಲಾಂಬಿಕಾ ಈಗ. “ಸುಳ್ಳೂ ಹೇಳಿಲ್ಲ, ಪೂರಾ ಖರೇನೂ ಹೇಳಿಲ್ಲ. ಅತ್ತಿಗೆ ಸಿಟ್ಟು ಬಂದರ ಒಂದೆರಡು ದಿನಾ.”

ಹಾಗಾಗಿ ಅವರಿಗೆ ಉಳಿದದ್ದು ಕಿವಿಯೊಂದೇ. ಕಳೆದ ಗುರುವಾರ ನಾನೂರ ಹನ್ನೆರಡನೆಯದು ಮೊದಲ ಬಾರಿ ಬೇರೆ ಸಪ್ಪಳ ಕೊಟ್ಟಿತು. ಹಸಿ ಮರದ ಒರಟುತನ ಹೋಗಿ, ತುಂಬಿದ ಬಾವಿಗೆ ಕೊಡ ಇಳಿದಂಥ ಸಪ್ಪಳ. ಶುಕ್ರವಾರವೂ ಅದೇ. ಶನಿವಾರವೂ ಅದೇ. ಆರೈಕೆ ಮನೆಗೆ ಈಗ ಹೊರಗಿನವರನ್ನು ಬಿಡುತ್ತಿದ್ದಾರೆ. ಆದರೆ ಅಜ್ಜ ಉಣ್ಣುವುದು ಬಿಟ್ಟು ನಾಲ್ಕು ದಿನವಾಯಿತು ಎಂದು ದಾದಿ ನಿನ್ನೆ ಫೋನು ಮಾಡಿದ್ದಾಳೆ.

ಇಂದು ಕೊನೆಯ ಪೆಟ್ಟು ಮುಗಿದಾಗ ಏಳೂಮುಕ್ಕಾಲು. ನೀಲಾಂಬಿಕಾ ಪೀಪಾಯಿಗೆ ಕೈಮುಗಿದು, ಬಿರಡೆ ಕಿತ್ತು, ಒಂದು ಪುಟ್ಟ ಸೀಸೆ ತುಂಬಿಸಿಕೊಳ್ಳುತ್ತಾರೆ. ತಿಳಿ ಬಂಗಾರದ ಬಣ್ಣ. ಅದನ್ನು ಒಳಗಿನ ಕಿಸೆಯಲ್ಲಿಟ್ಟು ಸೈಕಲ್ ಹತ್ತುತ್ತಾರೆ.

ಆರೈಕೆ ಮನೆಯ ಕೋಣೆಯಲ್ಲಿ ಬಾರೆಂಡ್ ಎಲೆಯಷ್ಟು ತೆಳ್ಳಗಾಗಿದ್ದಾನೆ. ಯೆನೇವರ್ ಗ್ಲಾಸನ್ನು ಅಂಚಿನವರೆಗೆ ತುಂಬಬೇಕು, ಮೊದಲ ಗುಟುಕನ್ನು ಕೈಯಿಂದ ಮುಟ್ಟದೆ ಬಗ್ಗಿ ಹೀರಬೇಕು. ಅದು ಇಲ್ಲಿಯ ಪದ್ಧತಿ. ಆತನಿಗೆ ಬಗ್ಗಲಾಗದು. ನೀಲಾಂಬಿಕಾ ತುಂಬಿದ ಗ್ಲಾಸನ್ನು ಒಂದು ಹನಿ ಚೆಲ್ಲದಂತೆ ಆತನ ತುಟಿಯವರೆಗೆ ಎತ್ತಿ ಹಿಡಿಯುತ್ತಾರೆ.

“ವಾಸನೆ ಹೇಗಿದೆ?” ಕಣ್ಣು ತೆರೆಯದೆ ಕೇಳುತ್ತಾನೆ.

“ನನಗ ವಾಸನಿ ಬರೂದಿಲ್ಲ ಅಜ್ಜಾ,” ಎಂದು ಮೊದಲು ತಮ್ಮ ಮಾತಿನಲ್ಲಿ, ಆಮೇಲೆ ಡಚ್ಚಿನಲ್ಲಿ ಹೇಳುತ್ತಾರೆ.

“ಮತ್ತೆ ಹಣ್ಣಾಗಿದೆ ಎಂದು ಹೇಗೆ ತಿಳಿಯಿತು?”

“ಕೇಳಿದೆ.”

ಆತ ಹೀರುತ್ತಾನೆ. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗುತ್ತಾನೆ. ಗಿಣ್ಣಿನ ಗಾಯದ ಗುರುತು ಇನ್ನೂ ಮಾಸದ ಕೈ ಮೆಲ್ಲಗೆ ಮಂಚದ ಕಂಬಿಯ ಕಡೆ ಸರಿಯುತ್ತದೆ. ಒಂದು ಪೆಟ್ಟು. ಒಂದು ಉಸಿರಿನಷ್ಟು ಬಿಟ್ಟು, ಇನ್ನೊಂದು. ಆಮೇಲೆ ಆ ಬೆರಳು ಕಂಬಿಯ ಮೇಲೆಯೇ ನಿಂತು ಕಾಯುತ್ತದೆ.

ಮೂರನೆಯದನ್ನು ನೀಲಾಂಬಿಕಾ ಬಡಿಯುತ್ತಾರೆ. ಸಪ್ಪಳ ಪೂರ್ತಿ ಸಾಯುವವರೆಗೆ ಇಬ್ಬರೂ ಕೇಳುತ್ತಾರೆ.