ದೊಡ್ಡವ್ವನ ಬರಿಗಾಲು

ಬಸ್ಸಿನಲ್ಲಿ ಎದುರು ಕೂತವರು ಚಪ್ಪಲಿ ಬಿಟ್ಟು ಕಾಲನ್ನು ಸೀಟಿನ ಮೇಲೆ ಮಡಚಿಕೊಂಡರೆ ಕೆಲವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿಬಿಡುತ್ತಾರೆ. ನಾನೂ ಅಂಥವನೇ ಆಗಿದ್ದೆ. ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವಷ್ಟರಲ್ಲಿ ಯಾರದಾದರೂ ಒಡೆದ ಹಿಮ್ಮಡಿ ಕಣ್ಣಿಗೆ ಬಿದ್ದರೆ ಸಾಕು, ಆವತ್ತು ನನಗೆ ಊಟ ಸೇರುತ್ತಿರಲಿಲ್ಲ. ಕೊಳೆ ಕಂಡರೆ ಆಗುವುದಿಲ್ಲ, ಅಷ್ಟೇ, ಅಂತ ಮನೆಯಲ್ಲೂ ಸ್ಕೂಲಿನಲ್ಲೂ ಹೇಳಿಕೊಂಡು ಬಂದಿದ್ದೆ. ಅದು ಸುಳ್ಳು. ಕೊಳೆ ಕೈಯಲ್ಲಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಮುಖಕ್ಕೆ ಪೌಡರು ಹಚ್ಚಬಹುದು, ಮಾತನ್ನು ತಿದ್ದಿಕೊಳ್ಳಬಹುದು, ಬಟ್ಟೆಗೆ ಇಸ್ತ್ರಿ ಮಾಡಿಸಬಹುದು. ಕಾಲು ಮಾತ್ರ ಯಾರೂ ಕೇಳದೆಯೇ ನಾವು ಎಲ್ಲಿಂದ ಬಂದವರು ಅನ್ನುವುದನ್ನು ಹೇಳಿಬಿಡುತ್ತದೆ. ನನಗೆ ಭಯ ಇದ್ದದ್ದು ಅದರದ್ದೇ.

ನನ್ನ ವಿಷಯವನ್ನು ಹಾಗೆ ಹೇಳಿಬಿಡುತ್ತಿದ್ದದ್ದು ನನ್ನ ದೊಡ್ಡವ್ವನ ಕಾಲು. ಅವಳು ಹೋಗಿ ಎರಡು ವರ್ಷವಾಯಿತು. ಇದ್ದಾಗ ಬರೆಯಲು ಧೈರ್ಯ ಬರಲಿಲ್ಲ.

ನಮ್ಮದು ಹಳೇಕೋಟೆ ಕಡೆಯ ಒಂದು ಸಣ್ಣ ಊರು. ನನಗೆ ಮೂರು ವರ್ಷ ತುಂಬುವ ಮೊದಲೇ ಅವ್ವ ತೀರಿಕೊಂಡಳು. ಅಪ್ಪನ ಅಣ್ಣನ ಹೆಂಡತಿ ನನ್ನನ್ನು ಸೊಂಟಕ್ಕೆ ಏರಿಸಿಕೊಂಡಳು. ಕಾಲೇಜು ಸೇರುವವರೆಗೂ ಇಳಿಸಲೇ ಇಲ್ಲ ಅಂತ ಊರಿನವರು ಆಡಿಕೊಂಡು ನಗುತ್ತಿದ್ದರು. ಮಾತು ಕಲಿತದ್ದು ಅವಳ ಬಾಯಿಂದ. ಕಳೆ ಕೀಳುವಾಗ, ರಾಗಿ ಬೀಸುವಾಗ, ಎಮ್ಮೆ ಮೈ ತೊಳೆಯುವಾಗ ಅವಳು ಊರಿನ ಸಂಗತಿಗಳನ್ನು ಹೇಳುತ್ತಿದ್ದಳು. ಅವಳು ಹೇಳಿದರೆ ಸತ್ತವರೂ ಎದ್ದು ಬಂದು ಜಗಲಿಯ ಮೇಲೆ ಕೂತಂತೆ ಇರುತ್ತಿತ್ತು. ನಾನು ಮುಂದೆ ಕನ್ನಡ ಮೇಷ್ಟ್ರಾದೆ. ಮೇಷ್ಟ್ರು ಪಾಠವನ್ನು ಕಥೆ ಥರ ಹೇಳ್ತಾರೆ ಅಂತ ಹುಡುಗರು ಅಂದಾಗಲೆಲ್ಲ ಅದು ಯಾರ ಗಂಟು ಅಂತ ನನಗೆ ಗೊತ್ತಿತ್ತು. ಯಾರಿಗೂ ಹೇಳುತ್ತಿರಲಿಲ್ಲ.

ದೊಡ್ಡವ್ವ ಚಪ್ಪಲಿ ಮೆಟ್ಟುತ್ತಿರಲಿಲ್ಲ. ನಮ್ಮ ಕಡೆ ಬಿತ್ತಿದ ಹೊಲಕ್ಕೆ, ನಾಟಿಯಾದ ಗದ್ದೆಗೆ, ಒಕ್ಕುವ ಕಣಕ್ಕೆ ಚಪ್ಪಲಿ ಕಾಲಿಡುವುದಿಲ್ಲ. ಅನ್ನ ಹುಟ್ಟುವ ಜಾಗ ಅದು. ಬದುವಿನ ಮೇಲೆ ಬಿಟ್ಟು ಇಳಿಯಬೇಕು. ದಿನಕ್ಕೆ ಹತ್ತಿಪ್ಪತ್ತು ಸಲ ಹತ್ತಿ ಇಳಿಯುವವಳಿಗೆ ಈ ಬಿಡುವುದು ಮೆಟ್ಟುವುದೇ ಒಂದು ದೊಡ್ಡ ಕೆಲಸವಾಗಿ, ಅವಳು ಚಪ್ಪಲಿಯ ಸಹವಾಸವನ್ನೇ ಬಿಟ್ಟಿದ್ದಳು. ಒಂದು ಜೊತೆ ಹವಾಯಿ ಚಪ್ಪಲಿ ಇತ್ತು. ಹೊಳೆನರಸೀಪುರದ ಸಂತೆಗೆ ಹೋಗುವಾಗ ಅದು ಚೀಲದಲ್ಲಿ ಇರುತ್ತಿತ್ತು. ಪೇಟೆ ಬಂದ ಮೇಲೆ ಮೆಟ್ಟಿಕೊಂಡು ಸಂತೆ ಸುತ್ತಿ, ವಾಪಸು ಬಸ್ಸು ಹತ್ತುವಾಗ ಮತ್ತೆ ಚೀಲಕ್ಕೆ ಹಾಕುತ್ತಿದ್ದಳು. ಯಾಕೆ ಅಂತ ಒಂದು ಸಲ ಕೇಳಿದ್ದಕ್ಕೆ, ಬಸ್ಸು ನಡೀತದೆ, ನಾನೇನ್ ನಡೀತೀನಾ ಅಂದಿದ್ದಳು.

ನನಗೆ ಮೊದಲು ಕೆಲಸ ಸಿಕ್ಕಿದ್ದು ಅರಕಲಗೂಡಿನಲ್ಲಿ. ಸೇರಿ ಎರಡು ತಿಂಗಳಾಗಿತ್ತು. ಒಂದು ದಿನ ಮಳೆ ನಿಂತ ಮೇಲೆ ದೊಡ್ಡವ್ವ ಒಂದು ಗಂಟು ಅವರೆಕಾಯಿ ಹೊತ್ತುಕೊಂಡು ಬಸ್‌ಸ್ಟ್ಯಾಂಡಿನಿಂದ ನಡೆದೇ ಸ್ಕೂಲಿಗೆ ಬಂದಳು. ಆಗಷ್ಟೇ ಒರೆಸಿದ್ದ ಸ್ಟಾಫ್ ರೂಮಿನ ನೆಲದ ಮೇಲೆ ಬಾಗಿಲಿನಿಂದ ನನ್ನ ಮೇಜಿನವರೆಗೆ ಕೆಸರಿನ ಹೆಜ್ಜೆಗಳು ಮೂಡಿದವು. ಐದೂ ಬೆರಳು ಎಣಿಸುವ ಹಾಗೆ. ಪಕ್ಕದಲ್ಲಿ ಕೂತಿದ್ದ ಹಿರಿಯ ಮೇಷ್ಟ್ರು ಹೆಜ್ಜೆಗಳನ್ನು ನೋಡಿದರು, ನನ್ನನ್ನು ನೋಡಿದರು. ಒಳ್ಳೆಯವರು. ಯಾರು ಅಂತ ಮಾತ್ರ ಕೇಳಿದರು. ನಮ್ಮೂರಿನವರು ಅಂದೆ.

ದೊಡ್ಡವ್ವ ಗಂಟನ್ನು ಮೇಜಿನ ಕೆಳಗಿಟ್ಟು ಆಚೆ ಜಗಲಿಗೆ ಹೋಗಿ ಕೂತಳು. ಬೆಲ್ಲು ಹೊಡೆದ ಮೇಲೆ ಅವಳನ್ನು ಬಸ್ಸು ಹತ್ತಿಸಲು ಹೋದೆ. ದಾರಿಯುದ್ದಕ್ಕೂ ಎಮ್ಮೆ ಈದದ್ದು, ಮಳೆ ಹಿಡಿದದ್ದು ಎಲ್ಲ ಹೇಳಿದಳು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಒಂದೇ ಮಾತು ಅಂದಳು.

"ಮುಂದ್ಲ ಸಲ ಚಪ್ಲಿ ಮೆಟ್ಕಂಡೇ ಬತ್ತೀನಿ ಬುಡು ಮಗ."

ಆಮೇಲೆ ಅವಳು ಅರಕಲಗೂಡಿಗೆ ಬರಲಿಲ್ಲ. ನಾನೇ ಊರಿಗೆ ಹೋಗುತ್ತಿದ್ದೆ. ಊರಿನಲ್ಲಿ ಅವಳ ಕಾಲು ನನಗೆ ಕಾಣಿಸುತ್ತಲೇ ಇರಲಿಲ್ಲ ಅನ್ನುವುದು ವಿಚಿತ್ರ. ಅಲ್ಲಿ ಎಲ್ಲರದೂ ಹಾಗೇ ಇರುತ್ತಿತ್ತು. ನಾಲ್ಕು ಜನ ಬೇರೆಯವರು ನೋಡುವ ಕಡೆ ಬಂದರೆ ಮಾತ್ರ ಅದು ಕಣ್ಣಿಗೆ ಚುಚ್ಚುತ್ತಿತ್ತು.

ವರ್ಷಗಳು ಕಳೆದವು. ಹಾಸನಕ್ಕೆ ವರ್ಗವಾಗಿ ಅಲ್ಲೇ ಮನೆ ಮಾಡಿದೆ. ದೊಡ್ಡವ್ವನಿಗೆ ಸಕ್ಕರೆ ಕಾಯಿಲೆ ಬಂತು. ಮಾತ್ರೆ ನುಂಗುತ್ತಿದ್ದಳು, ಮುದ್ದೆ ಬಿಡಲಿಲ್ಲ, ಗದ್ದೆಗೆ ಇಳಿಯುವುದನ್ನೂ ಬಿಡಲಿಲ್ಲ. ಅಷ್ಟರಲ್ಲಿ ನನ್ನ ಮಗಳ ಮದುವೆ ಗೊತ್ತಾಯಿತು. ಬೀಗರು ಚನ್ನರಾಯಪಟ್ಟಣದವರು. ಅಜ್ಜನ ಕಾಲದಿಂದ ಮೇಷ್ಟ್ರು, ಲಾಯರು ಅಂತ ಓದಿಕೊಂಡ ಮನೆತನ. ಮದುವೆ ಅವರ ಊರಿನ ಛತ್ರದಲ್ಲೇ ಅಂತಾಯಿತು. ಮುಹೂರ್ತಕ್ಕೆ ಒಂದು ವಾರ ಇರುವಾಗ ದೊಡ್ಡವ್ವನನ್ನು ಹಾಸನಕ್ಕೆ ಕರೆದುಕೊಂಡು ಬಂದೆ. ನನ್ನ ಹೆಂಡತಿ ಬಿಸಿನೀರಿನಲ್ಲಿ ಅವಳ ಕಾಲು ನೆನೆಸಿ ಎರಡು ದಿನ ಕಲ್ಲಿನಲ್ಲಿ ಉಜ್ಜಿದಳು. ಬಿರುಕಿನೊಳಗಿನ ಕಪ್ಪು ಹೋಗಲಿಲ್ಲ. ಇರಲಿ ಬಿಡಿ, ಇವು ಗೇದ ಕಾಲು, ಯಾರೇನಂತಾರೆ ಅಂದಳು ಹೆಂಡತಿ. ನಾನು ಕೇಳಲಿಲ್ಲ. ಮದುವೆಯಲ್ಲಿ ಹೆಣ್ಣು ಗಂಡು ಮೊದಲು ನಮಸ್ಕಾರ ಮಾಡಬೇಕಾದದ್ದು ಆ ಕಾಲಿಗೆ. ಬೀಗರ ಕಡೆಯ ನೂರು ಕಣ್ಣು ಅಲ್ಲೇ ಇರುತ್ತವೆ. ಇದೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

ದೊಡ್ಡವ್ವನನ್ನು ಶೂ ಅಂಗಡಿಗೆ ಕರೆದುಕೊಂಡು ಹೋದೆ. ಬೆರಳಿನಿಂದ ಹಿಮ್ಮಡಿಯವರೆಗೆ ಪೂರ್ತಿ ಮುಚ್ಚುವ, ಕಪ್ಪಗೆ ಹೊಳೆಯುವ ಒಂದು ಜೊತೆ ತೆಗೆಸಿದೆ. ಅಂಗಡಿಯವನು ಬಲಗಾಲಿಗೆ ಹಾಕಿ ನೋಡಿದ. ಬಿಗಿಯಾಗುತ್ತಾ ಅಜ್ಜಿ ಅಂತ ಕೇಳಿದ. ಏನೂ ಗೊತ್ತಾಗಲ್ಲ ಕಣಪ್ಪ, ಎರಡು ವರ್ಷದಿಂದ ಅಂಗಾಲಿಗೆ ಅರಳೆ ಕಟ್ಟಿದಂಗೆ ಆಗೈತೆ ಅಂದಳು. ನಾನು ಆ ಮಾತನ್ನು ಕೇಳಿಸಿಕೊಂಡೆ. ಕಿವಿಗೆ ಬಿತ್ತು, ಅಷ್ಟೇ. ನನ್ನ ಕಣ್ಣು ಪೂರ್ತಿ ಮುಚ್ಚಿಹೋಗಿದ್ದ ಆ ಬಲಗಾಲಿನ ಮೇಲಿತ್ತು. ಅವಳು ಕೆಳಗಿದ್ದ ಕನ್ನಡಿಯಲ್ಲಿ ಕಾಲು ನೋಡಿಕೊಂಡು, ನನ್ ಕಾಲು ಎಮ್ಮೆ ಕರ ಇದ್ದಂಗೈತೆ ನೋಡ್ಲಾ ಅಂತ ನಕ್ಕಳು. ಅಂಗಡಿಯವನೂ ನಕ್ಕ. ಎಡಗಾಲಿನದನ್ನು ಯಾರೂ ಹಾಕಿ ನೋಡಲಿಲ್ಲ. ಪ್ಯಾಕ್ ಮಾಡಿ ಅಂದೆ.

ಛತ್ರಕ್ಕೆ ಹೊರಡುವಾಗ ಅವಳಿಗೆ ಹೇಳಿದೆ. ಬೀಗರೆಲ್ಲ ಇರ್ತಾರೆ ದೊಡ್ಡವ್ವ, ಮಲಗೋ ಹೊತ್ತು ಬಿಟ್ರೆ ಎಲ್ಲೂ ಬಿಚ್ಚಬೇಡ ಅಂತ. ಆಯ್ತು ಬುಡು ಅಂದಳು. ಸಾಯಂಕಾಲ ಆರತಕ್ಷತೆಯಲ್ಲಿ ಮೂರು ಗಂಟೆ ಹೊತ್ತು ಶೂ ತೊಟ್ಟು ಬೀಗಿತಿಯರ ಪಕ್ಕದಲ್ಲಿ ನೆಟ್ಟಗೆ ಕೂತಿದ್ದಳು. ಯಾರೂ ಅವಳ ಕಾಲು ನೋಡಲಿಲ್ಲ. ನಾನು ನಿರಾಳವಾಗಿ ಓಡಾಡಿದೆ.

ಬೆಳಿಗ್ಗೆ ಧಾರೆ. ಮಂಟಪ ಹತ್ತುವವರೆಲ್ಲ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು ಹತ್ತುತ್ತಿದ್ದರು. ದೊಡ್ಡವ್ವ ಮುಂದಿನ ಸಾಲಿನ ಕುರ್ಚಿಯಲ್ಲೇ ಉಳಿದಳು. ಹಾಲೆರೆಯಲು ಮೊದಲು ಅವಳು ಬರಬೇಕಿತ್ತು. ನನ್ನ ಹೆಂಡತಿ ಇಳಿದು ಹೋಗಿ ಕರೆದಳು. ಬರಲಿಲ್ಲ. ಆಮೇಲೆ ಹೆಂಡತಿ ನನಗೆ ಹೇಳಿದ್ದು: ದೊಡ್ಡವ್ವ, "ನಿನ್ ಗಂಡ ಬಿಚ್ಬ್ಯಾಡ ಅಂದವ್ನೆ ಕಣವ್ವ, ಮೆಟ್ಕಂಡು ಮಂಟಪ ಹತ್ತಕ್ಕಾದದಾ" ಅಂದಳಂತೆ. ಕೂತಲ್ಲಿಂದಲೇ ಅಕ್ಷತೆ ಎಸೆದಳು. ಅದು ಮಂಟಪದ ಮೆಟ್ಟಿಲವರೆಗೂ ಬರಲಿಲ್ಲ.

ಮಗಳು, ಅಳಿಯ ಇಳಿದು ಹೋಗಿ ಅವಳ ಕಾಲಿಗೆ ಬಾಗಿದರು. ದೊಡ್ಡವ್ವ ಎರಡೂ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು. ಚಪ್ಲಿ ಮೆಟ್ಟಿದ ಕಾಲ್ಗೆ ಬೀಳ್ಬಾರ್ದು ಕಣ್ರಪ್ಪ ಅಂತ ಇಬ್ಬರ ತಲೆಯನ್ನೂ ಹಿಡಿದು ಎದೆಗೆ ಒತ್ತಿಕೊಂಡಳು. ನಾನು ಮಂಟಪದ ಮೇಲಿನಿಂದ ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ನನಗೆ ದುಃಖವಾಗಲಿಲ್ಲ. ಸದ್ಯ, ಯಾರಿಗೂ ಕಾಣಲಿಲ್ಲ ಅನ್ನಿಸಿತು.

ಮದುವೆಯಾಗಿ ಮೂರು ವಾರಕ್ಕೆ ಊರಿನಿಂದ ಅಣ್ಣನ ಫೋನು ಬಂತು. ಅಣ್ಣ ಅಂದರೆ ದೊಡ್ಡವ್ವನ ಒಬ್ಬನೇ ಮಗ, ಊರಿನಲ್ಲೇ ಬೇಸಾಯ ಮಾಡಿಕೊಂಡಿರುವವನು. ಅವ್ವನ ಎಡಗಾಲಿನ ಬೆರಳು ಕಪ್ಪಾಗೈತೆ, ವಾಸನೆ ಬತ್ತೈತೆ ಅಂದ. ಮದುವೆಯಿಂದ ಬಂದಾಗಲೇ ಗುಳ್ಳೆ ಎದ್ದು ಒಡೆದಿತ್ತಂತೆ. ನೋವಿಲ್ಲವಲ್ಲ ಅಂತ ಅರಿಶಿನ, ಎಣ್ಣೆ ಹಚ್ಚಿಕೊಂಡು ಗದ್ದೆಗೆ ಇಳಿಯುತ್ತಿದ್ದಳಂತೆ.

ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ದೊಡ್ಡವ್ವನನ್ನು ಅಂಗಾತ ಮಲಗಿಸಿ, ಚುಚ್ಚಿದಾಗ ಹೇಳಿ ಅಜ್ಜಿ ಅಂತ ಅಂಗಾಲಿಗೆ ಮೆಲ್ಲಗೆ ಸೂಜಿ ತಾಕಿಸಿದರು. ದೊಡ್ಡವ್ವ ಸೂರು ನೋಡುತ್ತಾ ಸ್ವಲ್ಪ ಹೊತ್ತು ಕಾದಳು. ಆಮೇಲೆ, ಯಾವಾಗ ಚುಚ್ತೀಯವ್ವ ಅಂತ ಕೇಳಿದಳು. ಅಷ್ಟರಲ್ಲಿ ನಾಲ್ಕು ಕಡೆ ಚುಚ್ಚಿ ಆಗಿತ್ತು.

ಹೊಸ ಚಪ್ಪಲಿ ಏನಾದರೂ ಹಾಕಿಸಿದ್ರಾ ಅಂತ ಡಾಕ್ಟರು ನನ್ನನ್ನು ಕೇಳಿದರು. ಮದುವೆಗೆ ಒಂದು ಜೊತೆ, ಅಂದೆ. ಸಕ್ಕರೆ ಕಾಯಿಲೆಯವರಿಗೆ ಕಾಲಿನ ಅರಿವು ಹೋಗಿರುತ್ತದೆ, ಒತ್ತಿದರೂ ಗೊತ್ತಾಗುವುದಿಲ್ಲ, ಹಾಕಿಸುವ ಮೊದಲು ಒಳಗೆ ಕೈ ಹಾಕಿ ನೋಡಬೇಕು ಅಂತ ಸಮಾಧಾನವಾಗಿಯೇ ಹೇಳಿದರು. ಮೊದಲು ಎರಡು ಬೆರಳು ತೆಗೆದರು. ವಿಷ ಮೇಲಕ್ಕೆ ಏರುತ್ತಿದೆ, ಮೊಣಕಾಲಿನ ಕೆಳಗೆ ತೆಗೆಯಬೇಕು ಅಂತ ವಾರದ ಮೇಲೆ ಹೇಳಿದರು.

ಅವಳ ಸೀರೆ ತರಲು ನಾನು ಊರಿಗೆ ಹೋದೆ. ಮಂಚದ ಕೆಳಗೆ ಶೂ ಡಬ್ಬ ಇತ್ತು. ತೆಗೆದು ಎಡಗಾಲಿನದರ ಒಳಗೆ ಕೈ ಹಾಕಿದೆ. ತುದಿಯಲ್ಲಿ, ಬೆರಳು ಇರಬೇಕಾದ ಕಡೆ, ಕಾಗದದ ಉಂಡೆ. ಆಕಾರ ಕೆಡದಿರಲಿ ಅಂತ ಹೊಸ ಶೂಗಳಲ್ಲಿ ತುರುಕಿರುತ್ತಾರಲ್ಲ, ಅದು. ಒತ್ತಿ ಒತ್ತಿ ಕಲ್ಲಿನಂತೆ ಗಟ್ಟಿಯಾಗಿತ್ತು. ಒಂದು ಕಡೆ ಕಂದು ಬಣ್ಣದ ಕಲೆ. ಬಲಗಾಲಿನದರಲ್ಲಿ ಏನೂ ಇರಲಿಲ್ಲ. ಅಂಗಡಿಯವನು ಅದರೊಳಗಿನ ಕಾಗದ ತೆಗೆದೇ ಅವಳ ಕಾಲಿಗೆ ಹಾಕಿ ನೋಡಿದ್ದ. ಆ ಉಂಡೆಯನ್ನು ಹಿಡಿದುಕೊಂಡು ಮಂಚದ ಪಕ್ಕ ನೆಲದ ಮೇಲೆ ಕೂತೆ. ಅತ್ತಿಗೆ ಕಾಫಿ ತಂದು ಇಟ್ಟದ್ದೂ ತಿಳಿಯಲಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ದೊಡ್ಡವ್ವ ನನ್ನನ್ನು ಹತ್ತಿರ ಕರೆದಳು. ಕುಯ್ದ ಮ್ಯಾಕೆ ಅದ್ನ ಏನ್ಮಾಡ್ತಾರ್ಲಾ ಅಂತ ಕೇಳಿದಳು. ಕೇಳಿದರೆ ಮನೆಯವರಿಗೆ ಕೊಡುತ್ತಾರಂತೆ ಅಂದೆ.

"ಅಂಗಾದ್ರೆ ಇಸ್ಕೋ. ಕಸಕ್ಕೆ ಆಕುಸ್ಬ್ಯಾಡ. ನಮ್ ಗದ್ದೆ ಮೂಲೇಲಿ ಮಣ್ಣು ಮಾಡು. ಅಲ್ಲೇ ಓಡಾಡಿದ್ದು ಅದು."

ರುಜು ಹಾಕಿಸಿಕೊಂಡು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ನಾನೂ ಅಣ್ಣನೂ ಕಾರಿನಲ್ಲಿ ಊರಿಗೆ ಹೋದೆವು. ಅದು ನನ್ನ ತೊಡೆಯ ಮೇಲಿತ್ತು. ಎಷ್ಟು ಹಗುರ ಅಂತ ಈಗಲೂ ಅನ್ನಿಸುತ್ತದೆ. ಗದ್ದೆಯ ಬದುವಿನ ಮೇಲೆ ನಾನು ಶೂ ಬಿಚ್ಚಿದೆ, ಕಾಲುಚೀಲ ತೆಗೆದೆ. ಎಷ್ಟೋ ವರ್ಷದಿಂದ ಬಿಸಿಲು ಕಾಣದ ನನ್ನ ಕಾಲು ಕಲ್ಲಿನ ಅಡಿಯಲ್ಲಿ ಬೆಳೆದ ಹುಲ್ಲಿನಂತೆ ಬಿಳಿಚಿಕೊಂಡಿತ್ತು. ಅಣ್ಣ ಅದನ್ನು ಒಂದು ಸಲ ನೋಡಿ ಬೇರೆ ಕಡೆ ನೋಡಿದ. ಕೊಯ್ದ ಪೈರಿನ ಮೋಟು ಕೂಳೆ ಅಂಗಾಲಿಗೆ ಚುಚ್ಚಿ, ಹತ್ತು ಹೆಜ್ಜೆ ಇಡುವುದರಲ್ಲಿ ಎರಡು ಸಲ ನಿಂತೆ. ಅಣ್ಣನೇ ಗುಂಡಿ ತೆಗೆದ. ನಾನು ಇಳಿಸಿದೆ. ಮಣ್ಣು ಎಳೆಯುವಾಗ ಅವನು ಸತ್ತವರಿಗೆ ಅಳುವಂತೆ ಅತ್ತ. ನನಗೆ ಅಳುವ ಮುಖವೂ ಇರಲಿಲ್ಲ.

ಮಾರನೆಯ ದಿನ ದೊಡ್ಡವ್ವ ಚೆನ್ನಾಗಿ ಎಚ್ಚರವಾಗಿದ್ದಳು. ಮಣ್ಣು ಮಾಡಿದ್ಯಾ ಅಂತ ಮೊದಲು ಕೇಳಿದಳು. ಮಾಡಿದೆ ಅಂದೆ.

"ಗದ್ದೆಗೆ ಚಪ್ಲಿ ಬುಟ್ಟು ಇಳಿದ್ಯಾ?"

"ಬಿಟ್ಟೇ ಇಳಿದೆ ದೊಡ್ಡವ್ವ."

ತಲೆಯಾಡಿಸಿದಳು. ಆಗ ನನಗೆ ತಡೆದುಕೊಳ್ಳಲಾಗಲಿಲ್ಲ. ಶೂ ಒಳಗಿನ ಕಾಗದದ ವಿಷಯ ಹೇಳಿದೆ. ಎಡಗಾಲಿನದನ್ನು ಹಾಕಿ ನೋಡದೆ ತಂದದ್ದು, ಒಳಗೆ ಕೈ ಹಾಕಿ ನೋಡದೆ ಹೋದದ್ದು, ಎಲ್ಲ. ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಅದಾ?" ಅಂದಳು. "ಅದು ಆರತಕ್ಷತೆ ಮುಗ್ದು ಮನಗೋವಾಗ್ಲೇ ಕೈಗೆ ಸಿಕ್ತಲ್ಲ. ಪ್ಯಾಟೆ ಚಪ್ಲಿ, ಇಂಗೇ ಇರ್ಬೇಕೇನೋ ಅಂದ್ಕಂಡೆ. ನೀನು ಆಸೆ ಪಟ್ಟು ತಂದಿದ್ದು, ಕೆಟ್ಟೋದಾತು ಅಂತ ಬೆಳಿಗ್ಗೆ ತಿರ್ಗಾ ಒಳೀಕೇ ತುರುಕ್ದೆ."

ನನ್ನನ್ನು ಒಂದು ಮಾತು ಕೇಳಬಾರದಿತ್ತಾ ಅಂದೆ.

"ಬೀಗ್ರ ಮುಂದೆ ಎಂಗೆ ಕೇಳ್ಲಿ? ನಿನ್ ಮಾನ ಓಗಲ್ವಾ?"

ಅಷ್ಟರಲ್ಲಿ ಪಕ್ಕದ ಹಾಸಿಗೆಯವರನ್ನು ನೋಡಲು ನಾಲ್ಕೈದು ಜನ ಬಂದರು. ಒಳ್ಳೆಯ ಬಟ್ಟೆಯವರು, ಕೈಯಲ್ಲಿ ಹಣ್ಣಿನ ಚೀಲ. ದೊಡ್ಡವ್ವನ ಹೊದಿಕೆ ಜಾರಿ ಉಳಿದ ಬಲಗಾಲು ಆಚೆ ಬಂದಿತ್ತು. ಒಡೆದ ಹಿಮ್ಮಡಿ, ಅಗಲವಾದ ಬೆರಳು, ಬಿರುಕಿನೊಳಗೆ ಇನ್ನೂ ನಮ್ಮ ಗದ್ದೆಯ ಕಪ್ಪು. ನಾನು ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಹಿಡಿದದ್ದು ಅವಳಿಗೆ ತಿಳಿಯಲಿಲ್ಲ. ಬಂದವರ ಕಡೆ ನೋಡಿ, ತಲೆ ಎತ್ತಿ ಕಾಲಿನ ಕಡೆ ನೋಡಿದಾಗಲೇ ಅವಳಿಗೆ ಗೊತ್ತಾದದ್ದು. ಗಾಬರಿಯಿಂದ ನನ್ನ ತೋಳು ಜಗ್ಗಿದಳು.

"ಮುಚ್ಚು ಕಣಪ್ಪ. ಜನ ನೋಡ್ತಾರೆ."

ನೋಡಲಿ ಬಿಡು ಅಂದೆ. ಅವಳು ಬಿಡಲಿಲ್ಲ. ಅವಳ ಮುಖದಲ್ಲಿ ನಾಚಿಕೆ ಇತ್ತು. ಎಪ್ಪತ್ತು ವರ್ಷ ಗದ್ದೆ, ರಸ್ತೆ, ಬಸ್ಸು ಎಲ್ಲ ಕಡೆ ಬರಿಗಾಲಲ್ಲಿ ನಡೆದವಳಿಗೆ ಆ ನಾಚಿಕೆ ಎಲ್ಲಿಂದ ಬಂತು ಅಂತ ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ.

"ಮುಚ್ಲಾ," ಅಂದಳು ಮತ್ತೆ.

ಮುಚ್ಚಿದೆ.