ಗುಂಡ್ಲುಪೇಟೆಯ ಬೆಳಕಿನ ಬೋರ್ಡು

ಬೋರ್ಡ್ ಬರೆಯುವ ಅಂಗಡಿಯೊಳಗೆ ಒಬ್ಬ ಹಿರಿಯರು ಗಾಜಿನಂಥ ಅಕ್ರಿಲಿಕ್ ಶೀಟಿನ ಹಿಂಬದಿಗೆ ಮೊಳೆಯಿಂದ ಕೊನೆಯ ಚುಕ್ಕಿಗಳನ್ನು ಚುಚ್ಚುತ್ತಿದ್ದರು. ಶೀಟಿನ ಒಂದು ಅಂಚಿಗೆ ಮಾತ್ರ ಟ್ಯೂಬ್‌ಲೈಟ್ ಇತ್ತು. ಆದರೂ ಬೆಳಕು ಇನ್ನೊಂದು ತುದಿಯವರೆಗೆ ಒಂದೇ ಸಮ ಹರಡಿತ್ತು. ಗುಂಡ್ಲುಪೇಟೆಯ ಅಕ್ಕನ ಮನೆಯಿಂದ ಚಾಮರಾಜನಗರದ ನಮ್ಮ ಮನೆಗೆ ಮರಳಲು ಬಸ್ಸಿಗೆ ಕಾಯುತ್ತಿದ್ದ ನಾನು ಅಲ್ಲೇ ನಿಂತುಬಿಟ್ಟೆ.

ಮೈಸೂರಿನ ಕಾರ್ಖಾನೆಯೊಂದರಲ್ಲಿ ಮೀಟರುಗಳ ಮುಖ ಬೆಳಗಲು ಇಂಥದ್ದೇ ಬೆಳಕಿನ ಹಲಗೆಯನ್ನು ಕಂಪ್ಯೂಟರಿನಲ್ಲಿ ರೂಪಿಸುವುದು ನನ್ನ ಹೊಸ ಕೆಲಸವಾಗಿತ್ತು. ಅದು ತೊಂಬತ್ತರ ದಶಕದ ಕೊನೆ. ಆ ಸಾಫ್ಟ್‌ವೇರ್ ಹೇಳಿಕೊಡುವವರು ಯಾರೂ ಇರಲಿಲ್ಲ. ಹಲಗೆಯ ತುಂಬ ಚುಕ್ಕಿಗಳನ್ನು ಸಮನಾಗಿ ಹರಡಿ ನೋಡಿದರೆ ಪ್ರತಿಸಲವೂ ಬಲ್ಬಿನ ಬಳಿ ಬೆಳಕು, ಕೊನೆಯಲ್ಲಿ ಕತ್ತಲು. ಒಂದು ತಿಂಗಳು ಹೀಗೇ ಸೋತು, ಕೆಲಸ ಬಿಡುವುದೆಂದು ತೀರ್ಮಾನಿಸಿದ್ದೆ.

“ಕೊನೆವರ್ಗೂ ಬೆಳಕು ಎಂಗೆ ಬತ್ತದೆ ಯಜಮಾನ್ರೇ?” ಎಂದೆ.

ಅವರು ತಲೆಯೆತ್ತಲಿಲ್ಲ. “ಚುಕ್ಕಿ ಚುಚ್ಚಿದ ಕಡೇಲೆಲ್ಲ ಬೆಳಕು ಆಚೆ ಬತ್ತದೆ. ಲೈಟ್ ಅತ್ರ ಕಮ್ಮಿ ಚುಚ್ಚಬೇಕು ಕಣವ್ವ, ದೂರ ಓದಂಗೆಲ್ಲ ಒತ್ತೊತ್ತಾಗಿ ಚುಚ್ಚಬೇಕು. ಪಂಕ್ತೀಲಿ ಮುಂದೆ ಕೂತೋರ್ಗೇ ಎಲ್ಲಾ ಬಡಿಸ್ಬುಟ್ರೆ ಕೊನೇಲಿರೋರು ಏನುಣ್ಬೇಕು?”

ಸೋಮವಾರ ಚುಕ್ಕಿಗಳನ್ನು ಹಾಗೆಯೇ ಹರಡಿದೆ. ಮೂರನೆಯ ಪ್ರಯತ್ನಕ್ಕೆ ಕಂಪ್ಯೂಟರಿನ ಪರದೆಯ ಮೇಲೆ ಹಲಗೆ ಪೂರ್ತಿ ಬೆಳಗಿತು.

ವರದಿಯಲ್ಲಿ ‘ವಿನ್ಯಾಸ ಯಾರದು’ ಎಂಬಲ್ಲಿ ನನ್ನ ಹೆಸರು ಬರೆದೆ. ಕೆಲಸ ಉಳಿಯಿತು. ಮೇಲಧಿಕಾರಿ ಎಲ್ಲರೆದುರು ಶಭಾಷ್ ಎಂದಾಗ ಖುಷಿಯಾಗಲಿಲ್ಲ, ಬರೀ ಸುಸ್ತಾಗಿತ್ತು. ಆ ಹಿರಿಯರ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.